ತೊಂಬತ್ತು ಡಿಗ್ರಿ ಯಾವ ಕಡೆಗೆ

ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಕೃಷ್ಣರಾಜಪುರದಲ್ಲಿ, ಮಾಲೀಕರ ತಂದೆ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಇಂದಿರಾನಗರದಲ್ಲಿ ಆರು ತಿಂಗಳ ಕೋರ್ಸು ಮುಗಿಸಿದ್ದ ನಾನು ಕಗ್ಗದಾಸಪುರದಿಂದ ದಿನಾ ಬರುತ್ತಿದ್ದೆ. ಲೋಹದ ತುಂಡಿನ ಮೇಲೆ ಕೊರೆಯುವ ಟೂಲು ಎಲ್ಲೆಲ್ಲಿ ಓಡಬೇಕೆಂದು ಕಂಪ್ಯೂಟರಿನಲ್ಲಿ ತೋರಿಸಿ, ಅದನ್ನು ಮಷಿನ್ನಿನ ಭಾಷೆಗೆ ಇಳಿಸಿಕೊಡುವುದು ನನ್ನ ಕೆಲಸ. ಮಷಿನ್ ನಡೆಸುತ್ತಿದ್ದ ಆಪರೇಟರ್ ಹಲಸೂರಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರಿಗೆ ನಾನು ಮೇಡಂ.

ಆ ವರ್ಷ ಮಾಲೀಕರು ಮಿಲ್ಲಿಂಗ್ ಮಷಿನ್ನಿಗೆ ರೋಟರಿ ಟೇಬಲ್ ಹಾಕಿಸಿದರು. ಅದುವರೆಗೆ ನಾಲ್ಕು ಮುಖಗಳಲ್ಲಿ ತೂತು ಬೇಕಾದ ಜಾಬನ್ನು, ಅಂದರೆ ಕೊರೆಯಬೇಕಾದ ತುಂಡನ್ನು, ನಾಲ್ಕು ಸಲ ಬಿಚ್ಚಿ ಕಟ್ಟಬೇಕಿತ್ತು. ಈಗ ಒಮ್ಮೆ ಹಿಡಿದರೆ ಸಾಕು, ಟೇಬಲ್ಲೇ ತೊಂಬತ್ತು ಡಿಗ್ರಿ ತಿರುಗಿಸಿ ಮುಂದಿನ ಮುಖವನ್ನು ಟೂಲಿನ ಕೆಳಗೆ ತರುತ್ತಿತ್ತು.

ಮೊದಲ ಕೆಲಸವಾಗಿ ಎಂಟು ಅಲ್ಯೂಮಿನಿಯಂ ಬ್ಲಾಕುಗಳು ಬಂದವು. ಯಾವ ಮುಖ ಮೇಲೆ ಎಂದು ಗೊತ್ತಾಗಲು ಒಂದು ಕಡೆ ಗಾಡಿ ಎನ್ನುವ, ಕಾಲುವೆಯಂಥ ಸಣ್ಣ ಗೀರು ಕೊರೆದಿತ್ತು. ಮೇಲೂ ಕೆಳಗೂ ಒಂದೇ ಥರದ ತೂತು. ಎಡಬಲದ ತೂತುಗಳು ಮಾತ್ರ ಬೇರೆ ಬೇರೆ.

ಮೊದಲನೆಯದು ಓಡುತ್ತಿದ್ದಾಗ ಆಪರೇಟರ್ ಅಣ್ಣ ಡ್ರಾಯಿಂಗ್ ಹಿಡಿದು ಬಂದರು. "ಮೇಡಂ, ಟೇಬಲ್ ಉಲ್ಟಾ ತಿರುಗ್ತಾ ಇರೋ ಹಾಗಿದೆ. ಒಂದ್ಸಲ ನೋಡ್ತೀರಾ?"

ನಾನು ಕುರ್ಚಿಯಿಂದ ಏಳಲಿಲ್ಲ. "ಸ್ಕ್ರೀನಲ್ಲಿ ಟೂಲು ಸುತ್ತುತ್ತೆ ಅಣ್ಣ, ಮಷಿನಲ್ಲಿ ಜಾಬ್ ಸುತ್ತುತ್ತೆ. ಅದಕ್ಕೇ ಹಂಗೆ ಕಾಣೋದು."

ಹೇಳಿದ ಮಾತೇನೋ ನಿಜ. ಅವರು ತಲೆಯಾಡಿಸಿ ಹೋದರು.

ಎಂಟೂ ಮುಗಿದ ಮೇಲೆ ಅಳತೆ ಮಾಡಿದಾಗ ಎಡಗಡೆಯ ತೂತುಗಳು ಬಲಗಡೆ ಇದ್ದವು, ಬಲಗಡೆಯವು ಎಡಗಡೆ. ಮಾಲೀಕರು ನಮ್ಮಿಬ್ಬರನ್ನೂ ಕರೆದರು. ನಾನೇ ಮೊದಲು ಬಾಯಿ ಬಿಟ್ಟೆ. "ಗಾಡಿ ಕೆಳಗೆ ಮಾಡಿ ಹಿಡಿದಿರ್ಬೇಕು ಸಾರ್. ಹಾಗೆ ಹಿಡಿದ್ರೆ ಹಿಂಗೇ ಬರುತ್ತೆ."

ಮಾಲೀಕರು ಅಣ್ಣನ ಕಡೆ ತಿರುಗಿದರು. ಅವರು, "ಇರಬಹುದು ಸಾರ್," ಎಂದರು. ಅಷ್ಟೇ. ಮರುದಿನದಿಂದ ಅವರನ್ನು ಮೂಲೆಯ ಹಳೆಯ ಲೇತಿಗೆ ಹಾಕಿದರು.

ಹೊಸ ಬ್ಲಾಕುಗಳು ಬರುವ ಮೊದಲು ಒಂದು ಮರದ ತುಂಡಿನ ನಾಲ್ಕು ಮುಖಕ್ಕೂ ಒಂದು, ಎರಡು, ಮೂರು, ನಾಲ್ಕು ಎಂದು ಪೆನ್ನಿನಲ್ಲಿ ಬರೆದು ಮಷಿನ್ನಿಗೆ ಕಟ್ಟಿದೆ. ಟೂಲನ್ನು ಮೇಲೆತ್ತಿಟ್ಟು ಪ್ರೋಗ್ರಾಮ್ ಓಡಿಸಿದೆ. ಎರಡು ಬರಬೇಕಾದಲ್ಲಿ ನಾಲ್ಕು ಬಂತು. ಇನ್ನೊಮ್ಮೆ ಓಡಿಸಿದೆ. ಮತ್ತೆ ನಾಲ್ಕೇ ಬಂತು. ಕಂಪ್ಯೂಟರಿನ ಚಿತ್ರವನ್ನು ಮಷಿನ್ನಿನ ಭಾಷೆಗೆ ಇಳಿಸುವ ಫೈಲನ್ನು ಹೊಸ ಟೇಬಲ್ಲಿಗಾಗಿ ತಿದ್ದಿದ್ದವಳು ನಾನೇ. ಅದರಲ್ಲಿ ತಿರುಗುವ ದಿಕ್ಕಿಗೆ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಅದನ್ನು ಸೇರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಅದನ್ನು ಯಾರಿಗಾದರೂ ಹೇಳಲು ಎರಡು ದಿನ ಬೇಕಾಯಿತು. ಆ ಎರಡು ದಿನ ಲೇತ್ ಇದ್ದ ಮೂಲೆಯ ಕಡೆ ನಾನು ಹೋಗಲಿಲ್ಲ.

ಮೂರನೆಯ ದಿನ ಟೀ ಹೊತ್ತಿನಲ್ಲಿ ಮೊದಲು ಅವರ ಹತ್ತಿರವೇ ಹೋದೆ. "ಅಣ್ಣ, ತಪ್ಪು ನಂದು. ಟೇಬಲ್ ಉಲ್ಟಾನೇ ತಿರುಗ್ತಿತ್ತು."

"ಗೊತ್ತು ಮೇಡಂ. ಎಂಟು ಜಾಬಲ್ಲೂ ಗಾಡಿ ಮೇಲೇ ಇತ್ತು. ನಾನೇ ತಾನೇ ಹಿಡಿದಿದ್ದು."

"ಮತ್ತೆ ಇರಬಹುದು ಅಂದ್ರಲ್ಲ?"

"ಏನನ್ಲಿ? ಕಂಪ್ಯೂಟರ್ ತಪ್ಪು ಮಾಡ್ತು ಅಂದ್ರೆ ಓನರ್ ನಂಬ್ತಿದ್ರಾ? ನಿಮ್ಮನ್ನ ಕೇಳ್ದೆ, ನೀವೇ ಎದ್ದು ಬರ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಟೀ ಲೋಟ ತೊಳೆದಿಟ್ಟು ಲೇತಿಗೆ ಮರಳಿದರು.

ಮಾಲೀಕರಿಗೆ ಹೇಳಿದಾಗ ಅವರು ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನನ್ನು ಬೈಯಲಿಲ್ಲ. ತಾವೇ ಮೂಲೆಗೆ ಹೋಗಿ, "ನಾಳೆಯಿಂದ ಆ ಮಷಿನ್ ನೀವೇ ನೋಡ್ಕೊಳ್ರೀ," ಎಂದರು. ಕ್ಷಮೆಯ ಮಾತು ಅವರಿಂದಲೂ ಬರಲಿಲ್ಲ, ನನ್ನಿಂದಲೂ ಬಂದಿರಲಿಲ್ಲ.

ಅಣ್ಣ ಒಪ್ಪಿದರು, ಒಂದು ಷರತ್ತಿನ ಮೇಲೆ: ಯಾವುದೇ ಹೊಸ ಕೆಲಸದ ಮೊದಲ ಜಾಬ್ ಮುಗಿಯುವವರೆಗೆ ಮೇಡಂ ಮಷಿನ್ ಪಕ್ಕ ನಿಂತಿರಬೇಕು. ಅಲ್ಲಿ ಕೆಲಸ ಮಾಡಿದ ಉಳಿದ ಮೂರು ವರ್ಷವೂ ನಾನು ಹಾಗೆಯೇ ನಿಂತೆ.