ಮೆಲ್ಲಗೆ ಮಾಮನ ಡ್ರಮ್ ಕೌಂಟರ್

ನಮ್ಮ ವಾದ್ಯದಂಗಡಿಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಮಾರುವವರಿಗೆ ಮೆಲ್ಲಗೆ ಮಾಮ ಎಂದು ಹೆಸರು ಬಿದ್ದು ಹದಿನಾರು ವರ್ಷವಾಯಿತು. ಇಟ್ಟವಳು ನಾನೇ. ಕಡ್ಡಿ ಕೈಗೆ ಸಿಕ್ಕ ಕೂಡಲೇ ಜನ ಹಳೆಯ ಸೇಡು ತೀರಿಸಿಕೊಳ್ಳುವವರ ಹಾಗೆ ಡ್ರಮ್ ಚಚ್ಚುತ್ತಾರೆ. ಇವರು ಪಕ್ಕದಲ್ಲಿ ನಿಂತು, "ಮೆಲ್ಲಗೆ, ಮೆಲ್ಲಗೆ, ಅದು ನಿಮಗೇನೂ ಅನ್ಯಾಯ ಮಾಡಿಲ್ಲ" ಅನ್ನುತ್ತಾರೆ. ನಾನು ಬಿಲ್ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಇಪ್ಪತ್ತು ಸಲ ಒಂದೇ ಮಾತು ಕಿವಿಗೆ ಬಿದ್ದರೆ ಯಾರಾದರೂ ಹೆಸರಿಡುತ್ತಾರೆ.

ಇಲ್ಲಿಗೆ ಬರುವ ಮುಂಚೆ ಅವರು ಇಪ್ಪತ್ತೆರಡು ವರ್ಷ ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿದ್ದರು. ತಗ್ಗು ಚಾವಣಿಯ ಹಾಲ್, ನಿಜವಾದ ಡ್ರಮ್ಮು, ಎಡಗಿವಿಗೆ ಅಂಟಿಕೊಂಡ ಹಾಗೆ ಹಿತ್ತಾಳೆಯ ತಾಳಗಳು. ಹೋಟೆಲಿನವರು ಬ್ಯಾಂಡನ್ನು ಮನೆಗೆ ಕಳಿಸಿ ಪೆನ್‌ಡ್ರೈವಿನಲ್ಲಿ ಹಾಡು ಹಾಕಲು ಶುರು ಮಾಡಿದಾಗ ನಮ್ಮ ಯಜಮಾನರ ತಂದೆ ಕರೆದು ಕೆಲಸ ಕೊಟ್ಟರು. ಈಗಿನ ಯಜಮಾನರು ಆಗ ಕಾಲೇಜು ಹುಡುಗ. ಅವರೂ ಇವರನ್ನು ಮಾಮ ಎಂದೇ ಕರೆಯುವುದು.

ಮಾಮ ಗಿರಾಕಿಗಳನ್ನು ಮಾತಾಡಿಸುವ ರೀತಿಯೇ ಬೇರೆ. ಬೇರೆ ಅಂಗಡಿಯವರು ಮೊದಲು ಬಜೆಟ್ ಎಷ್ಟು ಎಂದು ಕೇಳುತ್ತಾರೆ. ಇವರು ಕೇಳುವುದು, "ನಿಮ್ಮ ಕೆಳಗಿನ ಮನೇಲಿ ಯಾರಿದ್ದಾರೆ?" ಬಂದವರು ಕಕ್ಕಾಬಿಕ್ಕಿಯಾಗುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ಎಲೆಕ್ಟ್ರಾನಿಕ್ ಡ್ರಮ್ಮಿನ ಸದ್ದು ಯಾರಿಗೂ ಕೇಳುವುದಿಲ್ಲ ಎಂದು ಓದಿಕೊಂಡು ಬಂದಿರುತ್ತಾರೆ, ಪಾಪ. ಬಲಗಾಲಿನ ಪೆಡಲ್ ತುಳಿದಾಗ ಆ ಗುದ್ದು ನೇರ ನೆಲಕ್ಕಿಳಿದು ಕೆಳಗಿನ ಮನೆಯವರ ತಲೆಯ ಮೇಲೆ ಬೀಳುತ್ತದೆಂದು ಎಲ್ಲಿಯೂ ಬರೆದಿರುವುದಿಲ್ಲ. ಕೆಳಗೆ ಸಿಡುಕಿನವರಿದ್ದರೆ ಪೆಡಲ್ ಅಡಿಗೆ ದಪ್ಪ ರಬ್ಬರ್ ಹಾಸು ತೆಗೆದುಕೊಳ್ಳಿಸಿಯೇ ಮಾಮ ಮುಂದಿನ ಮಾತಿಗೆ ಹೋಗುವುದು.

ಆಮೇಲೆ ಹಣದ ಮಾತು. ಅದನ್ನೂ ಅವರು ಅಳೆಯುವುದು ಸಂಬಳದಲ್ಲಿ. ಅರ್ಧ ತಿಂಗಳ ಸಂಬಳ ತಂದವರಿಗೆ, "ಇದರಲ್ಲಿ ಬರೋದು ಆಟದ ಸಾಮಾನು, ಇನ್ನೊಂದಿಷ್ಟು ದಿನ ದಿಂಬಿನ ಮೇಲೆ ಬಾರಿಸಿ" ಎಂದು ವಾಪಸ್ ಕಳಿಸುತ್ತಾರೆ. ಯಜಮಾನರು ಹಲ್ಲು ಕಚ್ಚುತ್ತಾರೆ. ಒಂದು ತಿಂಗಳ ಸಂಬಳ ಇದ್ದರೆ ಸಣ್ಣ ಸೆಟ್: ಕಡ್ಡಿಯಿಂದ ಬಾರಿಸುವ ಪ್ಯಾಡುಗಳೆಲ್ಲ ರಬ್ಬರ್ ಆದರೂ ನಡೆಯುತ್ತದೆ, ಮಧ್ಯದ ಸ್ನೇರ್ ಪ್ಯಾಡಿಗೆ ಮಾತ್ರ ಬಲೆಯ ಹೊದಿಕೆ ಇರಲೇಬೇಕು, ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಅದೇ, ಇಲ್ಲದಿದ್ದರೆ ಆರು ತಿಂಗಳಲ್ಲಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಎರಡು ತಿಂಗಳದ್ದಾದರೆ ಮಧ್ಯಮ ಸೆಟ್, ಎಲ್ಲದಕ್ಕೂ ಬಲೆ. ಅದಕ್ಕಿಂತ ಮೇಲೆ ಹೋದರೆ ಕೊಡುವ ದುಡ್ಡೆಲ್ಲ ಮಾಡ್ಯೂಲಿಗೆ, ಅಂದರೆ ಅಷ್ಟೂ ಶಬ್ದ ಹುಟ್ಟುವ ಆ ಸಣ್ಣ ಪೆಟ್ಟಿಗೆಗೆ. ಹೊಸದಾಗಿ ಕಲಿಯುವವರು ದೊಡ್ಡ ಸೆಟ್ಟಿನ ಮುಂದೆ ಬಾಯಿಬಿಟ್ಟುಕೊಂಡು ನಿಂತರೆ, "ಮೂಗಿಗಿಂತ ಮೂಗುತಿ ಭಾರ ಆಗಬಾರದು" ಎಂದು ಹೇಳಿ ಸಣ್ಣದರ ಕಡೆ ಕರೆದುಕೊಂಡು ಹೋಗುತ್ತಾರೆ. ಇಂಥ ಸೇಲ್ಸ್‌ಮನ್ನನ್ನು ಇಟ್ಟುಕೊಂಡೂ ನಮ್ಮ ಅಂಗಡಿ ನಡೆಯುತ್ತಿತ್ತಲ್ಲ ಎಂದರೆ ಕಾರಣ ಒಂದೇ, ಮಾಮನ ಚೀಟಿ.

ಯಾವ ಸೆಟ್ ಆದರೂ ಪ್ಯಾಕ್ ಆಗುವ ಮುಂಚೆ ಮಾಮ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಪ್ಯಾಡ್, ಒಂದೊಂದೇ ತಾಳ ಬಾರಿಸಿ, 'ಕೇಳಿ ನೋಡಿದ್ದೇನೆ' ಎಂದು ಚೀಟಿ ಬರೆದು ಸಹಿ ಹಾಕಿ ಪೆಟ್ಟಿಗೆಯ ಮೇಲೆ ಅಂಟಿಸುತ್ತಿದ್ದರು. ಚೀಟಿ ಇಲ್ಲದ ಪೆಟ್ಟಿಗೆ ಹೊಸ್ತಿಲು ದಾಟುತ್ತಿರಲಿಲ್ಲ. ಎರಡು ಬೀದಿ ಆಚೆಯ ಅಂಗಡಿಯಲ್ಲಿ ಇದೇ ಸೆಟ್ ಅಗ್ಗಕ್ಕೆ ಸಿಗುತ್ತದೆಂದು ಗೊತ್ತಿದ್ದವರೂ ಆ ಚೀಟಿಗಾಗಿ ನಮ್ಮಲ್ಲಿಗೆ ಬರುತ್ತಿದ್ದರು.

ಮಾಮನ ಹೆಂಡತಿ ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ನಾನು ಅತ್ತೆ ಅನ್ನುತ್ತೇನೆ. ಹೋದ ವರ್ಷ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಬಂದವರು ನನ್ನ ಕೌಂಟರಿಗೆ ಬಗ್ಗಿ, "ನಿಮ್ಮ ಮಾಮನಿಗೆ ಕಿವಿ ತೋರಿಸ್ಕೊಳ್ಳಿ ಅಂತ ನೀನಾದ್ರೂ ಹೇಳೇ. ಫೋನು ಬಡ್ಕೊಳ್ತಾ ಇದ್ರೂ ಪಕ್ಕದಲ್ಲೇ ಕೂತಿರ್ತಾರೆ" ಎಂದರು.

"ಹೆಂಡ್ತಿ ಮಾತು ಯಾವ ಗಂಡನಿಗೆ ಕೇಳ್ಸುತ್ತೆ ಅತ್ತೆ?" ಎಂದೆ ನಾನು.

ಇಬ್ಬರೂ ನಕ್ಕೆವು. ಅತ್ತೆ ಸ್ವಲ್ಪ ಕಡಿಮೆ ನಕ್ಕರು.

ಕಂಡಕ್ಟರಮ್ಮ ಬಂದದ್ದು ಇದಾದ ಐದಾರು ತಿಂಗಳಿಗೆ. ಬಸ್ ಕಂಡಕ್ಟರ್, ವಯಸ್ಸು ನಲವತ್ತು ದಾಟಿತ್ತು, ಯೂನಿಫಾರ್ಮಿನಲ್ಲೇ ಬಂದಿದ್ದರು. "ದಿನವೆಲ್ಲ ಬಸ್ಸಿನ ಕಂಬಿ ಮೇಲೆ ನಾಣ್ಯದಲ್ಲಿ ತಾಳ ಹಾಕ್ತೀನಿ ಸರ್, ಪ್ಯಾಸೆಂಜರು ಬೈತಾರೆ. ಬೈಸ್ಕೊಳ್ಳದೆ ಬಾರಿಸೋಕೆ ಏನಾದ್ರೂ ಬೇಕು" ಎಂದರು.

"ಕೆಳಗಿನ ಮನೇಲಿ ಯಾರಿದ್ದಾರೆ?"

"ನಮ್ಮಕ್ಕ."

"ಸ್ವಂತ ಅಕ್ಕ ತಾನೆ? ಹಾಗಾದ್ರೆ ಪರವಾಗಿಲ್ಲ."

"ಸ್ವಂತ ಅಕ್ಕ ಅಂತಲೇ ಹೆದರಿಕೆ ಸರ್. ಬೇರೆಯವರಾದ್ರೆ ಬಾಗಿಲು ತಟ್ಟಿಯಾದ್ರೂ ಒಳಗೆ ಬರ್ತಾರೆ."

ಮೂರು ಸಲ ಬಂದು ಅಳೆದು ಸುರಿದು ನೋಡಿದರು. ಅವರ ಹತ್ತಿರ ಇದ್ದದ್ದು ಸಣ್ಣ ಸೆಟ್ಟಿನ ದುಡ್ಡು. ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಮಧ್ಯಮ ಸೆಟ್ಟಿಗೆ ಒಂದೂವರೆ ವರ್ಷವಾಗಿತ್ತು, ಬಂದವರೆಲ್ಲ ಅದರ ಮೇಲೆ ಕೈಯಾಡಿಸಿದ್ದರು. ಮಾಮ ಯಜಮಾನರ ತಲೆ ತಿಂದು ಅದನ್ನು ಸಣ್ಣದರ ಬೆಲೆಗೇ ಬಿಡಿಸಿಕೊಟ್ಟರು. ಎಂದಿನಂತೆ ಹೆಡ್‌ಫೋನ್ ಹಾಕಿ, ಎಲ್ಲವನ್ನೂ ಬಾರಿಸಿ, ಚೀಟಿ ಅಂಟಿಸಿ ಕಳಿಸಿದರು.

ಎಂಟನೆಯ ದಿನ ಆಕೆ ವಾಪಸ್ ಬಂದರು. ಟವೆಲಿನಲ್ಲಿ ಸುತ್ತಿದ ಮಾಡ್ಯೂಲನ್ನು ಟಿಕೆಟ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಸರ್, ಎಡಗಡೆ ಜೋಡಿ ತಾಳದ್ದು ಸದ್ದೇ ಬರಲ್ಲ. ಮಿಕ್ಕಿದ್ದೆಲ್ಲ ಸರಿಯಾಗಿದೆ" ಎಂದರು. ಜೋಡಿ ತಾಳ ಅಂದರೆ ಹೈಹ್ಯಾಟ್. ಎಡಗಾಲಿನಲ್ಲಿ ಪೆಡಲ್ ಒತ್ತಿದರೆ ಮುಚ್ಚಿಕೊಂಡು ಚಿಕ್ ಚಿಕ್ ಅನ್ನುವುದು.

ಮಾಮ ಅದನ್ನು ಅಂಗಡಿಯಲ್ಲಿ ಹೊಸದಾಗಿ ಇಟ್ಟಿದ್ದ ಇನ್ನೊಂದು ಸೆಟ್ಟಿಗೆ ಜೋಡಿಸಿ ಹೆಡ್‌ಫೋನ್ ಹಾಕಿಕೊಂಡು ಬಾರಿಸಿದರು. ಮಾಡ್ಯೂಲಿನ ಮೇಲೆ ಕೆಂಪು ದೀಪ ಪೆಟ್ಟು ಪೆಟ್ಟಿಗೂ ಮಿನುಗಿತು. ಮಾಮ ತಲೆದೂಗಿದರು. "ಚೆನ್ನಾಗೇ ಬರ್ತಿದೆಯಲ್ಲಮ್ಮ. ನೀವು ಪೆಡಲ್ ಅರ್ಧಕ್ಕೇ ಬಿಡ್ತಾ ಇದ್ದೀರಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕರು.

ಆಕೆಗೆ ಸಿಟ್ಟು ಬಂತು. ಸಿಟ್ಟು ಬರುವ ಮಾತೇ ಅದು. ಆಕೆ ಮಾಮನ ತಲೆಯಿಂದ ಹೆಡ್‌ಫೋನ್ ತೆಗೆದು ಸೀದಾ ನನ್ನ ಕೌಂಟರಿನ ಕಡೆ ಚಾಚಿದರು. "ನೀವು ಕೇಳಿ ಮೇಡಂ. ನೀವು ಸರಿ ಇದೆ ಅಂದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ." ತಂತಿ ಅಲ್ಲಿಯವರೆಗೆ ಬರಲಿಲ್ಲ. ನಾನೇ ಎದ್ದುಹೋಗಿ ಹಾಕಿಕೊಂಡೆ. ಮಾಮ ಬಾರಿಸಿದರು. ಬಾರಿಸುತ್ತಲೇ ಇದ್ದರು. ದೀಪ ಮಿನುಗುತ್ತಿತ್ತು, ಹೆಡ್‌ಫೋನಿನೊಳಗೆ ಏನೂ ಇರಲಿಲ್ಲ.

ನನ್ನ ಮುಖ ನೋಡಿಯೇ ಮಾಮನ ಕೈ ನಿಂತಿತು.

ಯಜಮಾನರು ಬಂದು ಮಾಡ್ಯೂಲಿನ ಗುಂಡಿಗಳನ್ನು ಒತ್ತಿ ನೋಡಿದರು. ಜೋಡಿಸಿಟ್ಟಿದ್ದ ಕಾಲದಲ್ಲಿ ಯಾರೋ ಆ ಒಂದು ತಾಳದ ವಾಲ್ಯೂಮನ್ನು ಸೊನ್ನೆಗೆ ಇಳಿಸಿದ್ದರು, ಅಷ್ಟೇ. ಅವರು ಏರಿಸಿದರು, ಸರಿಹೋಯಿತು. ಅರ್ಧ ನಿಮಿಷದ ಕೆಲಸ. ಕಂಡಕ್ಟರಮ್ಮ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತುತ್ತಿದ್ದಾಗ ಮಾಮ ಅವರ ಮುಂದೆ ಹೋಗಿ ನಿಂತು, "ನಾನು ಸುಳ್ಳು ಹೇಳಲಿಲ್ಲ ತಾಯಿ. ನನಗೆ ಕೇಳಿಸ್ತು" ಎಂದರು.

ನಾನು ಅದನ್ನು ನಂಬುತ್ತೇನೆ. ಮೂವತ್ತೆಂಟು ವರ್ಷ ಕೈ ಏಳುವುದೂ ಚಿಕ್ ಎನ್ನುವುದೂ ಒಟ್ಟಿಗೇ ನಡೆದ ಮನುಷ್ಯನಿಗೆ, ಕೈ ಎದ್ದರೆ ಸಾಕು, ಮಿಕ್ಕದ್ದನ್ನು ತಲೆಯೇ ತುಂಬಿಕೊಡುತ್ತದೆ. ಡ್ರಮ್ ಬಾರಿಸದ ನಮ್ಮಂಥವರಾಗಿದ್ದರೆ ಸದ್ದಿಲ್ಲ ಎಂದು ಮೊದಲ ಪೆಟ್ಟಿಗೇ ಗೊತ್ತಾಗುತ್ತಿತ್ತು. ಆದರೆ ನಾನು ನಂಬಿದರೆ ಏನು ಬಂತು? ಆ ಚೀಟಿಯನ್ನು ಊರು ನಂಬಬೇಕಲ್ಲ.

ಸಂಜೆ ಯಜಮಾನರು ಮಾಮನನ್ನು ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಸುತ್ತಿ ಬಳಸಿ ಬರುತ್ತದೆ. ಹವಾಮಾನದಿಂದ ಶುರು ಮಾಡಿ ಕೊನೆಗೆ ವಿಷಯಕ್ಕೆ ಬಂದರು. "ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ಒಂದು ಪರೀಕ್ಷೆ ಮಾಡೋಣ ಮಾಮ. ನೀವು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ, ಬಿಲ್ ಬರೆಯೋ ಇವರು ಒಂದೊಂದೇ ಬಾರಿಸಿ ಹಾಳೇಲಿ ಗುರುತು ಹಾಕ್ತಾರೆ. ಕೇಳಿದ್ರೆ ಕೈ ಎತ್ತಿ. ಎಲ್ಲ ಕೇಳಿಸ್ತು ಅಂದ್ರೆ ಕೌಂಟರ್ ನಿಮ್ಮದೇ, ಮಾತೇ ಇಲ್ಲ. ಇಲ್ಲ ಅಂದ್ರೆ ಗೋಡೌನ್ ನೋಡ್ಕೊಳ್ಳಿ. ಸಂಬಳ ಒಂದು ಪೈಸೆ ಕಡಿಮೆ ಮಾಡಲ್ಲ."

"ಸಂಬಳದ ಮಾತು ಯಾರು ಕೇಳಿದ್ರು?" ಎಂದರು ಮಾಮ.

ನನಗೆ ನಿದ್ದೆ ಹತ್ತಲಿಲ್ಲ. ಪರೀಕ್ಷೆಯ ಹಾಳೆ ತುಂಬುವವಳು ನಾನು, ನೋಡುವವರು ಬೇರೆ ಯಾರೂ ಇಲ್ಲ. ಹತ್ತಕ್ಕೆ ಹತ್ತು ಎಂದು ಬರೆದರೆ ಕೇಳುವವರಿಲ್ಲ. ಇನ್ನು ಮೇಲೆ ಚೀಟಿ ಅಂಟಿಸುವ ಮುಂಚೆ ನಾನೂ ಒಮ್ಮೆ ಕದ್ದು ಕೇಳಿದರಾಯಿತು ಎಂದೆಲ್ಲ ಲೆಕ್ಕ ಹಾಕಿದೆ. ಬೆಳಿಗ್ಗೆ ಮಾಮ ನನಗಿಂತ ಮುಂಚೆ ಬಂದು, ಶಟರ್ ಅರ್ಧ ಎತ್ತಿ, ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಟ್ಟುಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಮುಖದಲ್ಲೂ ಕಂಡಿರಬೇಕು.

"ಇದ್ದದ್ದು ಇದ್ದ ಹಾಗೆ ಬರೀಬೇಕು. ನನ್ನ ಮೇಲೆ ಆಣೆ" ಎಂದು ಹೆಡ್‌ಫೋನ್ ಹಾಕಿಕೊಂಡು ತಿರುಗಿದರು.

ನನಗೆ ಬಾರಿಸಲು ಬರುವುದಿಲ್ಲ. ಕಡ್ಡಿಯನ್ನು ಸೌಟು ಹಿಡಿದ ಹಾಗೆ ಹಿಡಿದು ಬಲಗಾಲಿನ ಪೆಡಲ್ ತುಳಿದೆ. ಮಾಮನ ಕೈ ಮೇಲೆದ್ದಿತು. ಸ್ನೇರ್ ಬಾರಿಸಿದೆ, ಎದ್ದಿತು. ಮೂರು ಸಣ್ಣ ಡ್ರಮ್ಮುಗಳಿಗೂ ಶಾಲೆಯ ಮಕ್ಕಳ ಹಾಗೆ ಚಟ್ ಎಂದು ಕೈಯೆತ್ತಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹಾಳೆಯ ಮೇಲೆ ಗುರುತು ಹಾಕುವುದನ್ನೇ ಮರೆತೆ. ದೊಡ್ಡ ತಾಳದ ಚೂಪು ಸದ್ದಿಗೆ ಕೈ ತಡವಾಗಿ, ಭುಜದವರೆಗೆ ಮಾತ್ರ ಎದ್ದಿತು. ಅದರ ಪಕ್ಕದ್ದಕ್ಕೆ ಬೆರಳು ಅಲುಗಿ ಸುಮ್ಮನಾಯಿತು.

ಕೊನೆಗೆ ಹೈಹ್ಯಾಟ್. ಒಂದು ಪೆಟ್ಟು ಹಾಕಿದೆ. ಕೈ ತೊಡೆಯ ಮೇಲೆಯೇ ಇತ್ತು. ಇನ್ನೊಂದು ಹಾಕಿದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ನಾನು ಹಟಕ್ಕೆ ಬಿದ್ದವಳ ಹಾಗೆ ಬಾರಿಸತೊಡಗಿದೆ. ಮೆಲ್ಲಗೆ ಎನ್ನುವವರು ಯಾರೂ ಇರಲಿಲ್ಲ. ಮಾಮ ಬೆನ್ನು ನೇರ ಮಾಡಿಕೊಂಡು, ತಲೆ ಸ್ವಲ್ಪ ವಾಲಿಸಿ, ಕಾಯುತ್ತಿದ್ದರು. ನನಗೆ ಅಳು ಬಂತು.

"ಯಾಕಮ್ಮ ಸುಮ್ಮನೆ ನಿಂತೆ?" ಎಂದರು ಗೋಡೆಯ ಕಡೆಯಿಂದಲೇ. "ಇನ್ನೊಂದು ಉಳಿದಿದೆ, ಬಾರಿಸು."

ನಾನು ಬಾರಿಸುತ್ತಲೇ ಇದ್ದೆ. ಅವರು ತಿರುಗಿ ನೋಡಿದರು. ನನ್ನ ಕೈಯಲ್ಲಿ ಕಡ್ಡಿ ಏಳುವುದನ್ನೂ ಬೀಳುವುದನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಡ್‌ಫೋನ್ ತೆಗೆದು, ತಂತಿಯನ್ನು ಅಂದವಾಗಿ ಸುತ್ತಿ, ಅದರ ಮೊಳೆಗೆ ನೇತುಹಾಕಿದರು.

"ಗೋಡೌನ್ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಕೇಳಿದರು.