ಮಾವನ ಎದೆ ಮೇಲೆ ಕೈ

ಮನೋಳಿಯ ನಮ್ಮ ಮನೆಯಂಗಳದಲ್ಲಿ ಚಹಾ ಕುಡಿಯುತ್ತಿದ್ದ ಮಾವ ಕಟ್ಟೆಯಿಂದ ಹಾಗೇ ಉರುಳಿದರು. ಅಲುಗಾಡಿಸಿ ಕರೆದೆ, ಉಸಿರೇ ಇರಲಿಲ್ಲ. ಅತ್ತೆ ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ತರಲೆಂದು ಒಳಗೆ ಓಡಿದರು. ಆಂಬುಲೆನ್ಸ್‌ಗೆ ಫೋನ್ ಮಾಡಲು ಮೈದುನನಿಗೆ ಹೇಳಿದವಳೇ, ತಲೆ ಮೇಲಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಾವನ ಎದೆಯ ನಡುವೆ ಎರಡೂ ಕೈ ಊರಿ ಒತ್ತತೊಡಗಿದೆ.

ಹಿಂದಿನ ತಿಂಗಳು ಸವದತ್ತಿಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಬೊಂಬೆಯ ಮೇಲೆ ಕಲಿತದ್ದು ಅದು. ಆದರೆ ಬೊಂಬೆ ಮಾವನಲ್ಲವಲ್ಲ! ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರೆದುರು ನಾನು ಕೂತವಳಲ್ಲ. "ಆಕಿಗೆ ಚಾ ತರಾಕ ಹೇಳು" ಎಂದು ಅವರೂ ಅತ್ತೆಯ ಮೂಲಕವೇ ಮಾತಾಡುತ್ತಿದ್ದರು.

"ಏ ಹುಚ್ಚಿ, ಮಾವನ್ನ ಮುಟ್ಟತಾರೇನ?" ಹೊರಗೆ ಬಂದ ಅತ್ತೆ ಚೀರಿದರು.

"ಈಗ ಕೈ ಬಿಟ್ರ ಮಾವಾರು ಉಳಿಯೂದಿಲ್ರಿ" ಎಂದೆ. ಆಂಬುಲೆನ್ಸ್‌ನವರು ಬರುವವರೆಗೂ ನಾನು ನಿಲ್ಲಿಸಲಿಲ್ಲ.

ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ಬಂದ ಮಾವ ಮೊದಲ ಸಲ ನೇರವಾಗಿ ನನಗೇ ಹೇಳಿದರು: "ಎದಿ ಇನ್ನೂ ನೋಯಾಕತ್ತೈತಿ. ನಿನ್ನ ಕೈ ಭಾಳ ಗಟ್ಟಿ ಅದಾವವಾ." ನಾಚಿ, ಕೆಲಸಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ತಲೆಗೆ ಎಳೆದುಕೊಳ್ಳಲು ಹೋದೆ. "ಇರ್ಲಿ ಬಿಡು, ಸೊಂಟಕ್ಕ ಇರ್ಲಿ" ಎಂದರು.

ಅಂದಿನಿಂದ ಅದು ಅಲ್ಲೇ ಇದೆ.