ಬೆನ್ನು ತಟ್ಟೋ ಕೈ

ಅಕ್ಕನ ಕೈ ಅಂದ್ರೆ ಕೈಯಲ್ಲ, ಒನಕೆ! ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿಪೆಟ್ಟಿಗೆ ಒತ್ತೊತ್ತಿ ಹಂಗಾಗಿತ್ತು. ಅದೇ ಕೈಯಲ್ಲಿ ದಿನಾ ಬೆಳಗ್ಗೆ ತಮ್ಮನ ಬೆನ್ನು ತಟ್ಟೋಳು. ತಮ್ಮ ವಾಚ್ ರಿಪೇರಿಯವನು, ಇಪ್ಪತ್ತಾರು ವಯಸ್ಸು. ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಕಫ ಎದೆಯಲ್ಲಿ ಅಂಟಿನ ಥರ ಕೂತ್ಬಿಡುತ್ತೆ, ತಟ್ಟಿ ಕೆಮ್ಮಿಸದಿದ್ರೆ ಉಸಿರು ಕಟ್ಟುತ್ತೆ.

"ಮೆಲ್ಲಗೆ ಅಕ್ಕಾ, ನಾನು ಚಾದರ ಅಲ್ಲ!"

"ಬಾಯಿ ಮುಚ್ಕೊಂಡು ಕೆಮ್ಮೋ."

"ಬಾಯಿ ಮುಚ್ಕೊಂಡು ಹೆಂಗೆ ಕೆಮ್ಮೋದು, ಹೇಳ್ಕೊಡು!"

ಸೋಮವಾರ ತಟ್ಟುವಾಗ 'ಲಟ್' ಅಂತು. ತಮ್ಮನ ಮುಖ ಸುಣ್ಣ ಆಯ್ತು.

ಪಕ್ಕೆಲುಬು ಮುರಿದಿತ್ತು. ಡಾಕ್ಟರು ಸ್ಕ್ಯಾನ್ ನೋಡಿ, "ಎಲುಬು ಎಪ್ಪತ್ತರ ಅಜ್ಜಂದು ಇದ್ದಂಗಿದೆ. ವಿಟಮಿನ್ ಡಿ ತಳ ಕಂಡಿದೆ. ಕ್ಯಾಪ್ಸೂಲ್ ತಗೊಳ್ತಿಲ್ವಾ?" ಅಂದ್ರು.

"ಒಂದು ದಿನಾನೂ ತಪ್ಪಿಸಿಲ್ಲ," ಅಕ್ಕ ಸಿಡಿದಳು. "ಎದ್ದ ತಕ್ಷಣ, ಖಾಲಿ ಹೊಟ್ಟೆಗೆ, ನನ್ ಕೈಯಾರೆ ಕೊಡ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ರು. "ಅದು ಜಿಡ್ಡಿನ ಜೊತೇನೇ ಮೈಗೆ ಹತ್ತೋದಮ್ಮ. ಜಿಡ್ಡು ಅರಗೋಕೆ ಇವನಿಗೆ ಊಟದ ಜೊತೆ ನುಂಗೋ ಎಂಜೈಮ್ ಕ್ಯಾಪ್ಸೂಲೂ ಬೇಕು. ಎಲ್ಲ ಒಟ್ಟಿಗೇ ಹೋಗ್ಬೇಕಿತ್ತು. ಹಂಗಂತ ಇದೊಂದೇ ಕಾರಣ ಅಲ್ಲ, ಕಾಯಿಲೇನೂ ಎಲುಬು ಸವೆಸುತ್ತೆ."

ಕೊನೇ ಮಾತು ಅಕ್ಕನ ಕಿವಿಗೆ ಬೀಳಲೇ ಇಲ್ಲ. ಖಾಲಿ ಹೊಟ್ಟೆಗೆ ಕೊಟ್ರೆ ಬೇಗ ಹಿಡಿಯುತ್ತೆ ಅಂತ ಯಾರೂ ಹೇಳಿರಲಿಲ್ಲ. ಅವಳದೇ ಬುದ್ಧಿವಂತಿಕೆ. ನಾಲ್ಕು ವರ್ಷ ಹಂಗೇ ಕೊಟ್ಟಿದ್ದಳು!

ಇನ್ನು ತಟ್ಟಂಗಿಲ್ಲ ಅಂದ್ರು ಡಾಕ್ಟರು. ಮುರಿದ ಕಡೆ ದಿಂಬು ಒತ್ತಿಹಿಡಿದು, ಬಾಯಿ ತೆರೆದು 'ಹಾ' ಅಂತ ಉಸಿರು ತಳ್ಬೇಕು. ಗುರುವಾರದೊಳಗೆ ಕಫ ಬರದಿದ್ರೆ ಆಸ್ಪತ್ರೆಗೆ ಸೇರಿಸ್ಬೇಕು.

ನೋವಿಗೆ ಹೆದರಿ ತಮ್ಮ ಕೆಮ್ಮೋದನ್ನೇ ಬಿಟ್ಟ. ಎದೆಯೊಳಗೆ ಗೊರಗೊರ. ಗುರುವಾರ ಬೆಳಗ್ಗೆ ಬೆನ್ನು ತಿರುಗಿಸಿ ಕೂತ.

"ತಟ್ಟು ಅಕ್ಕಾ. ಮುರಿದ್ರೆ ಮುರೀಲಿ, ಉಸಿರಾದ್ರೂ ಬರ್ಲಿ."

ಒನಕೆ ಕೈ ಮೇಲೆದ್ದಿದ್ದು ಅಲ್ಲೇ ನಿಂತುಬಿಡ್ತು. ಕೆಳಗಿಳಿಸಿ ದಿಂಬು ತಗೊಂಡು, ಹಿಂದಿನಿಂದ ಅವನ ಪಕ್ಕೆಗೆ ಒತ್ತಿ ತಬ್ಬಿಕೊಂಡಳು.

"ಹಾ ಅನ್ನು."

ತಮ್ಮ ಚೀರಿದ.

"ಇನ್ನೊಂದ್ಸಲ. ಖಾಲಿ ಹೊಟ್ಟೆ ಅಂದಿದ್ದು ನಾನು ಕಣೋ..."

"ಗೊತ್ತು. ಈಗ ಬಿಗಿಯಾಗಿ ಹಿಡ್ಕೋ."

ಏಳನೇ ಸಲಕ್ಕೆ ಉಗುರಷ್ಟು ಕಫ ಬಂತು. ಅಷ್ಟೇ. ಬೆನ್ನಿಗೆ ಕಿವಿಯಿಟ್ಟಳು. ಗೊರಗೊರ ಹಂಗೇ ಇತ್ತು.

ಬ್ಯಾಗಿಗೆ ಬಟ್ಟೆ ತುಂಬಿದಳು. ಬ್ರೆಡ್ಡಿಗೆ ಬೆರಳುದಪ್ಪ ಬೆಣ್ಣೆ ಬಳಿದು, ಎರಡೂ ಕ್ಯಾಪ್ಸೂಲ್ ಜೊತೆಗಿಟ್ಟಳು. ಆಸ್ಪತ್ರೆಗೆ ಹೋಗೋ ಬಸ್ಸಲ್ಲಿ ತಮ್ಮ ಅರ್ಧ ತಿಂದು, "ಸಾಕು, ಇಳೀತಿಲ್ಲ" ಅಂದ. ಒಂದು ಕೈಲಿ ದಿಂಬು ಒತ್ತಿಹಿಡಿದಿದ್ದಳು, ಇನ್ನೊಂದರಲ್ಲಿ ಉಳಿದ ಬ್ರೆಡ್ಡು ಅವನ ಬಾಯಿ ಮುಂದೆ ಹಿಡಿದಳು.

"ಇನ್ನೊಂದೇ ತುತ್ತು ಕಣೋ. ನಿನ್ ಕಾಲಿಗೆ ಬೀಳ್ತೀನಿ."